ಎರಡು ಹದಿನಾಲ್ಕು

ದೇವದುರ್ಗ
ಮೇ 5, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅನಿಲ್,

ಜೈಭೀಮ್. ಹೇಗಿದ್ದೀ? ಮಾನ್ವಿಯ ಹೊಸ ಆಸ್ಪತ್ರೆಯಲ್ಲಿ, ಈ ಬಿಸಿಲಿನಲ್ಲಿ, ಏಣಿ ಹತ್ತಿ ಇಳಿಯುವವನು ನೀರಾದರೂ ಸರಿಯಾಗಿ ಕುಡಿಯುತ್ತಿದ್ದೀಯೋ ಇಲ್ಲವೋ. ಸಿಟ್ಟು ಬಂದರೆ ನೀನು ಮೊದಲು ಊಟ ಬಿಡುತ್ತೀ, ಆಮೇಲೆ ಫೋನ್ ಎತ್ತುವುದನ್ನು ಬಿಡುತ್ತೀ. ಅಲ್ಲಿನ ವಾಚ್‌ಮನ್ನಿಗೆ ಫೋನ್ ಹಚ್ಚಿದರೆ "ಅವ್ರು ಏಣಿ ಮ್ಯಾಲ ಅದಾರ್ರೀ" ಎಂದು ಇಟ್ಟೇಬಿಟ್ಟ. ಅದಕ್ಕೇ ಬುತ್ತಿಯ ಜೊತೆ ಈ ಕಾಗದವನ್ನು ಕಂಡಕ್ಟರ್ ಕನಕರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆಂಡತಿಯ ಮೇಲೆ ಮುನಿಸು ಇರಬಹುದು, ಪುಂಡಿಪಲ್ಲೆಯ ಮೇಲೆ ಇರಲಾರದು. ಡಬ್ಬಿ ಬಿಚ್ಚಿಯೇ ಬಿಚ್ಚುತ್ತೀ.

ನೀನು ಹೋದ ಮೇಲೂ ನಮ್ಮ ಆಸ್ಪತ್ರೆಯ ಕೂಸುಗಳ ಖೋಲಿ ತಣ್ಣಗಾಗುವುದು ನಿಲ್ಲಲಿಲ್ಲ. ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಹುಲಗೆಮ್ಮನ ಕೂಸಿನ ಪಾದ ಮುಟ್ಟಿದರೆ ಐಸು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಅದು. ತಾಯಿಯ ಎದೆಗೆ ಒತ್ತಿ, ಮೇಲೆ ದುಪ್ಪಟಿ ಹೊದಿಸಿ ಕೂಡಿಸಿದ್ದೆ. ನಿನ್ನೆ ಹುಲಗೆಮ್ಮ "ಸಿಸ್ಟರ್, ಇದು ಅಳೂದೂ ಬಿಟ್ಟದಲ್ರೀ" ಎಂದಾಗ ಓಡಿ ಹೋಗಿ ಡಾಕ್ಟರನ್ನು ಕರೆತಂದೆ. ಇಷ್ಟು ವರ್ಷ ನರ್ಸಾಗಿದ್ದರೂ ಅಷ್ಟು ಹೆದರಿದ್ದಿಲ್ಲ. ರಾಯಚೂರಿಗೆ ಕಳಿಸಬೇಕಾದೀತು ಎಂದು ಡಾಕ್ಟರು ಅಂಬುಲೆನ್ಸನ್ನೂ ನಿಲ್ಲಿಸಿಕೊಂಡಿದ್ದರು.

ನೀನು ಇಲ್ಲಿದ್ದಷ್ಟು ದಿನ ನೀನೂ ನಮ್ಮಪ್ಪನೂ ಮಾತ್ರ ಜಗಳದಲ್ಲೇ ಇದ್ದಿರಿ. ಖೋಲಿಖೋಲಿಗೂ ತಂಪು ಹೆಚ್ಚುಕಡಿಮೆ ಮಾಡುವ ಥರ್ಮೋಸ್ಟಾಟ್ ಡಬ್ಬಿ ಕೂಡಿಸಿದವರು ನೀವೇ. ಸೋದರಮಾವ ಎಂದು ನೋಡದೆ, ಕೆಲಸ ಕಲಿಸಿದವನು ಎಂದೂ ನೋಡದೆ ನೀನು ನಮ್ಮಪ್ಪನ ಮೇಲೆ ಕೂಗಾಡಿದೆ. ಅಪ್ಪನೂ ಅಳಿಯ ಎಂದು ಬಿಡಲಿಲ್ಲ. "ನನ್ನ ಕೈಯಾಗ ತಪ್ಪಾಗಂಗಿಲ್ಲ" ಎಂದು ಇಬ್ಬರದೂ ಒಂದೇ ಹಾಡು. ನಾನು ಕೂಸುಗಳ ಹತ್ತಿರ ಕೂತು ಗಮನಿಸುತ್ತಾ ಬಂದೆ. ಪಕ್ಕದ ಥೇಟರಿನಲ್ಲಿ ಆಪರೇಷನ್ ಶುರುವಾಗಿ ಡಾಕ್ಟರು ತಂಪು ಹೆಚ್ಚಿಸಿದಾಗಲೆಲ್ಲ ನಮ್ಮ ಖೋಲಿಯೂ ತಣ್ಣಗಾಗುತ್ತಿತ್ತು.

ಇವತ್ತು ಬೆಳಿಗ್ಗೆ ಅಪ್ಪನನ್ನು ಎಳೆದುಕೊಂಡು ಬಂದು ನಮ್ಮ ಖೋಲಿಯದು, ಥೇಟರಿನದು, ಎರಡೂ ಡಬ್ಬಿಗಳ ಮುಚ್ಚಳ ತೆಗೆಸಿದೆ. ತಂತಿಗಳೆಲ್ಲ ಸರಿಯಾಗಿಯೇ ಇದ್ದವು. ಎಲ್ಲ ಡಬ್ಬಿಗಳಿಗೂ ಒಂದೇ ಜೋಡಿ ತಂತಿ ಹಾಯುತ್ತದೆ, ಕೆಳಗಿನ ಎ.ಸಿ. ಮಷಿನ್ ನಂಬರ್ ಹಿಡಿದು ಕರೆಯುತ್ತದೆ, ಆ ನಂಬರಿನ ಡಬ್ಬಿ ಮಾತ್ರ ಓಗೊಡಬೇಕು ಎಂದು ಮದುವೆಯಾದ ಹೊಸದರಲ್ಲಿ ನೀನು ಹೇಳುತ್ತಿದ್ದೆ, ನಾನು ಆಕಳಿಸುತ್ತಿದ್ದೆ. ಇವತ್ತು ಅದು ಉಪಯೋಗಕ್ಕೆ ಬಂತು. ಡಬ್ಬಿಯ ನಂಬರ್ ಗೊತ್ತುಮಾಡುವ ಒಳಗಿನ ಸಣ್ಣ ಸ್ವಿಚ್‌ಗಳನ್ನು ಅಪ್ಪ ಕನ್ನಡಕ ಏರಿಸಿಕೊಂಡು ಓದಿದ. ಕೂಸುಗಳ ಖೋಲಿಯ ನಿನ್ನ ಡಬ್ಬಿ ಹದಿನಾಲ್ಕು. ಥೇಟರಿನ ಅವನ ಡಬ್ಬಿಯೂ ಹದಿನಾಲ್ಕು! ಥೇಟರಿಗೆ ಹೇಳಿದ ತಂಪಿಗೆ ಕೂಸುಗಳ ಖೋಲಿಯೂ ಓಗೊಡುತ್ತಿತ್ತು.

ಯಾಕಪ್ಪಾ ಎಂದರೆ, "ಜೀವ ಉಳಸೋ ಖೋಲಿ ಅದು. ಅದಕ್ಕ ಬಾಬಾಸಾಹೇಬ್ರು ಹುಟ್ಟಿದ ತಾರೀಖು ಕೊಟ್ಟೀನಿ" ಎಂದ. ನಿನ್ನನ್ನು ಕೇಳುವುದೇ ಬೇಡ. ಬೈಕಿಗೂ ಹದಿನಾಲ್ಕೇ ಬೇಕೆಂದು ಆರ್‌ಟಿಓ ಕಚೇರಿಗೆ ಅಲೆದವನು ನೀನು. ಇಬ್ಬರೂ ಭಕ್ತಿಯಿಂದಲೇ ಮಾಡಿದ್ದೀರಿ, ಒಬ್ಬರಿಗೊಬ್ಬರು ಹೇಳಿಲ್ಲ. ಅಪ್ಪ ಎರಡೂ ನಂಬರನ್ನು ಮತ್ತೊಮ್ಮೆ ಓದಿ ನೋಡಿದ. ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ತನ್ನ ಡಬ್ಬಿಯ ನಂಬರನ್ನೇ ಬದಲಿಸಿ, "ಹದಿನಾಕು ಕೂಸುಗೋಳ ಖೋಲಿಗೇ ಇರ್ಲಿ. ಅನಿಲಗ ಹೇಳು, ಅವನೊಬ್ಬಂದೇ ತಪ್ಪಲ್ಲ" ಎಂದ. ಅಷ್ಟು ಹಟಮಾರಿ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದಕ್ಕೆ ನನಗೆ ಅಳು ಬಂತು.

ಈಗ ಖೋಲಿ ಬೆಚ್ಚಗಿದೆ. ಹುಲಗೆಮ್ಮನ ಕೂಸು ಹಾಲಿಗಾಗಿ ಗಟ್ಟಿಯಾಗಿ ಅತ್ತಿತು, ಅಂಬುಲೆನ್ಸ್ ವಾಪಸ್ ಹೋಯಿತು. ಆದರೂ ನನಗೆ ಧೈರ್ಯ ಸಾಲದು, ಗಳಿಗೆಗೊಮ್ಮೆ ಹೋಗಿ ಪಾದ ಮುಟ್ಟಿ ಬರುತ್ತಿದ್ದೇನೆ.

ಅವ್ವ ನಿನ್ನನ್ನು ಕೇಳಿದ್ದಾಳೆ. ಅಪ್ಪ ಕೇಳಲಿಲ್ಲ, ಆದರೆ ಬುತ್ತಿ ಕಟ್ಟುವಾಗ ಇನ್ನೊಂದು ರೊಟ್ಟಿ ಇಡು ಎಂದ. ಸಿಟ್ಟು ಇಳಿದರೆ ಬಾ, ಇಳಿಯದಿದ್ದರೂ ಬಾ.

ನಿನ್ನ
ವಿಶಾಖಾ

ತಾ.ಕ.: ಬಸ್ಸು ಹಾರ್ನ್ ಹೊಡೆಯುತ್ತಿದೆ. ಅಪ್ಪ ಬಸ್‌ಸ್ಟ್ಯಾಂಡಿಗೇ ಓಡಿ ಬಂದಿದ್ದಾನೆ. ಮಾನ್ವಿಯ ಹೊಸ ಕಟ್ಟಡದಲ್ಲೂ ಥೇಟರಿನ ಡಬ್ಬಿ ಅವನೇ ಕೂಡಿಸಿದ್ದಂತೆ, ಅದಕ್ಕೂ ಹದಿನಾಲ್ಕೇ ಕೊಟ್ಟಿದ್ದಾನಂತೆ. ಅಲ್ಲಿಗೆ ನಾಳೆ ಕೂಸುಗಳು ಬರುತ್ತವೆ. ಅಲ್ಲಿ ಕೂಸುಗಳ ಖೋಲಿಗೆ ನೀನು ಯಾವ ನಂಬರ್ ಕೊಟ್ಟಿದ್ದೀ ಎಂದು ನಾನು ಕೇಳುವುದಿಲ್ಲ, ನನಗೆ ಗೊತ್ತು. ಇಲ್ಲಿ ಅಪ್ಪ ಬಿಟ್ಟುಕೊಟ್ಟ, ಅಲ್ಲಿ ನೀನು ಬಿಟ್ಟುಕೊಡು. ಈಗಲೇ ಏಣಿ ಹತ್ತು. ಊಟ ಆಮೇಲೆ.