ಬೆಟ್ಟದ ಅಳತೆಗೆ ಅಪ್ಪ

ನವೆಂಬರ್ ೧೨, ಮಂಗಳವಾರ

ಇವತ್ತಿನ ಫೋಟೊ ಕೆಟ್ಟಿದೆ, ಆದರೂ ಅಳಿಸಲು ಮನಸ್ಸು ಬರುತ್ತಿಲ್ಲ.

ಬೆಟ್ಟ ಎಷ್ಟು ದೊಡ್ಡದೆಂದು ತಿಳಿಯಲು ಚಿತ್ರದಲ್ಲೊಬ್ಬ ಮನುಷ್ಯ ಬೇಕು. ಹನ್ನೊಂದು ವರ್ಷದಿಂದ ನಾನು ತೆಗೆಯುವ ಚಿತ್ರಗಳಲ್ಲಿ ಆ ಕೆಲಸ ಅಪ್ಪನದು. ಕೆಂಪು ಸ್ವೆಟರ್ ತೊಟ್ಟು ದೂರದ ಬಂಡೆಯ ಮೇಲೆ ನಿಲ್ಲುತ್ತಾರೆ. ಇವತ್ತು ಕ್ಯಾಮೆರಾ ಪಕ್ಕದಲ್ಲೇ ಕೂತುಬಿಟ್ಟರು.

"ಮಂಡಿ ಮಾತು ಕೇಳ್ತಿಲ್ಲ ಪುಟ್ಟಿ. ನೀನೇ ಹೋಗಿ ನಿಂತ್ಕೋ, ನಾನ್ ತೆಗೀತೀನಿ."

ಒಳ್ಳೆಯ ಬೆಳಕು ಇರುವುದು ಐದೇ ನಿಮಿಷ. ಎಲ್ಲ ಹೊಂದಿಸಿಟ್ಟು, ಅವರ ಸ್ವೆಟರ್ ಹಾಕಿಕೊಂಡು ಓಡಿದೆ. ವಾಪಸು ಬಂದು ನೋಡಿದರೆ ಲೆನ್ಸ್ ತಿರುಗಿಸಿದ್ದಾರೆ. ಬೆಟ್ಟವೇ ಇಲ್ಲ, ಚಿತ್ರದ ತುಂಬ ನಾನು.

"ಬೆಟ್ಟ ಎಲ್ಲಪ್ಪಾ?" ಎಂದು ರೇಗಿದೆ.

"ನೀನು ತುಂಬಾ ಚಿಕ್ಕದಾಗಿ ಕಾಣ್ತಿದ್ದೆ. ಹತ್ತಿರ ಮಾಡ್ಕೊಂಡೆ."

ಹಳೆಯ ಚಿತ್ರಗಳನ್ನೆಲ್ಲ ತೆಗೆದು ಅಪ್ಪನ ಮುಖ ಹುಡುಕುತ್ತಿದ್ದೇನೆ. ಎಲ್ಲದರಲ್ಲೂ ಒಂದು ಕೆಂಪು ಚುಕ್ಕೆ.