ಎಡಗೈಯ ಮೇಜು

ಹಿತ್ತಲಿನ ಷೆಡ್ಡಿನಿಂದ,
ಸೋಮವಾರ, ಫೆಬ್ರವರಿ 17, ಬೆಳಿಗ್ಗೆ

ಪ್ರೀತಿಯ ಮಗಳೇ, ನನ್ನ ಪೀಚು,

ಹೇಗಿದ್ದೀಯ? ಚಳಿ ಬಿದ್ದಾಗ ಬಲಗೈ ಈಗಲೂ ಸೆಳೆಯುತ್ತದೆಯೇ? ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೊಳ್ಳುತ್ತೀಯೋ, ಇಲ್ಲ ನಿಮ್ಮಪ್ಪನ ಹಾಗೆ ಸೋಮಾರಿತನ ಮಾಡುತ್ತೀಯೋ? ಅತ್ತೆ ಫೋನು ಮಾಡಿದಾಗಲೆಲ್ಲ ಸುತ್ತಿ ಬಳಸಿ ನಿನ್ನ ವಿಷಯಕ್ಕೆ ಬರುತ್ತೇನೆ. ನೇರವಾಗಿ ಕೇಳಿದರೆ ನನ್ನ ತಂಗಿ ಬಿಡುವವಳಲ್ಲ, "ಪಕ್ಕದಲ್ಲೇ ಕೂತಿದಾಳೆ, ಕೊಡ್ಲಾ?" ಎಂದುಬಿಡುತ್ತಾಳೆ. ಆಗ ನನಗೆ ಒಲೆಯ ಮೇಲಿಟ್ಟ ಹಾಲು ನೆನಪಾಗಿ ಫೋನು ಇಟ್ಟುಬಿಡುತ್ತೇನೆ. ಊಟ ಸರಿಯಾಗಿ ಮಾಡುತ್ತಿದ್ದೀಯಂತೆ, ಎಡಗೈಯಲ್ಲೇ ಮುತ್ತು ಪೋಣಿಸಿದ ಹಾಗೆ ಬರೆಯುತ್ತೀಯಂತೆ. ನನ್ನದು ಹೇಳುವುದಾದರೆ, ಮಂಡಿ ಕೈಕೊಟ್ಟಿದೆ, ಕನ್ನಡಕ ದಪ್ಪವಾಗಿದೆ, ನಾಲಿಗೆ ಮಾತ್ರ ಮೊದಲಿನ ಹಾಗೇ ಇದೆ. ಈ ಪತ್ರದಲ್ಲಿ ನಿನಗೆ ಒಂದು ಮಾತು ಹೇಳಬೇಕಾಗಿದೆ. ಅದಕ್ಕೆಂದೇ ಕೂತು, ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದು, ಕೊನೆಗೆ ಹರಿದುಹಾಕಿದ ಪತ್ರಗಳು ಈಗಾಗಲೇ ನಾಲ್ಕಾಗಿವೆ. ಇದು ಐದನೆಯದು.

ಮೊದಲು ನಗುವ ಸುದ್ದಿ. ಷೆಡ್ಡು ಚೊಕ್ಕಟವಾಗಿದೆ. ಹೌದು, ನಮ್ಮ ಷೆಡ್ಡೇ. ನಿಮ್ಮಮ್ಮ "ಇಲಿಗಳ ತವರುಮನೆ" ಎಂದು ಕರೆಯುತ್ತಿದ್ದಳಲ್ಲ, ಅದೇ. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಊರಿನವರ ಪತ್ರಗಳನ್ನು ಬೀದಿವಾರು ಗೂಡಿಗೆ ಹಾಕಿದವನು ನಾನು. ಒಂದು ಲಕೋಟೆಯೂ ಪಕ್ಕದ ಗೂಡಿಗೆ ಬಿದ್ದದ್ದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಮನೆಗೆ ಬಂದು ಷೆಡ್ಡು ಹೊಕ್ಕರೆ ಮಾತ್ರ ಉಳಿ ಒಂದು ಕಡೆ, ಅದರ ಹಿಡಿ ಇನ್ನೊಂದು ಕಡೆ. ಹತ್ಯಾರಗಳಿಗೆ ಒಂದು ಕಪಾಟು ಮಾಡಿಕೊಳ್ಳಿ, ಹಲಗೆಗಳಿಗೆ ಒಂದು ಅಟ್ಟ ಕಟ್ಟಿಕೊಳ್ಳಿ ಎಂದು ಅವಳು ಗೋಗರೆದಾಗಲೆಲ್ಲ "ಮುಂದಿನ ವಾರ" ಎನ್ನುತ್ತಿದ್ದೆ. ಕಂಡಕಂಡವರಿಗೆಲ್ಲ ಸ್ಟೂಲು, ಮಣೆ, ಪುಸ್ತಕದ ಗೂಡು ಮಾಡಿಕೊಟ್ಟೆ. ನನ್ನ ಉಳಿಗಳಿಗೊಂದು ಜಾಗ ಮಾಡಲಿಲ್ಲ. ಕೊನೆಗೆ ಆ ಮುಂದಿನ ವಾರ ಬರುವ ಹೊತ್ತಿಗೆ ಅವಳು ತೀರಿಹೋಗಿ ಎರಡು ವರ್ಷವಾಗಿತ್ತು, ನೀನು ಮನೆ ಬಿಟ್ಟು ಆರು.

ಐದು ತಿಂಗಳ ಹಿಂದೆ ಎಲ್ಲವನ್ನೂ ಅಂಗಳಕ್ಕೆ ಹೊತ್ತು ಹಾಕಿ ಶುರುಮಾಡಿದೆ. ಎದುರುಮನೆಯ ದರ್ಜಿ ನೋಡಿ, ಮನೆ ಖಾಲಿ ಮಾಡುತ್ತಿದ್ದೇನೆಂದು ಗಾಬರಿಯಾಗಿ ಓಡಿಬಂದ. ಬರೀ ತುಂಡು ಮರದ ರಾಶಿಯೇ ಆಳೆತ್ತರ ಇತ್ತು. ಅದರಲ್ಲಿ ಯಾವುದು ನನ್ನದು, ಯಾವುದು ನಿನ್ನದು ಎಂದು ಗುರುತು ನೋಡಿದರೆ ತಿಳಿಯುತ್ತದಲ್ಲ. ಕೊಯ್ಯುವ ಮೊದಲು, ಬೇಡದ ಭಾಗ ಯಾವುದೆಂದು ಮರೆಯದಿರಲು ನಾನು ಅದರ ಮೇಲೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು ಹಾಕುತ್ತೇನೆ. ನಿನಗೆ ಹನ್ನೊಂದು ವರ್ಷವಾಗಿದ್ದಾಗ ಅದನ್ನೇ ಹೇಳಿಕೊಟ್ಟೆ. "ಪಾಪ, ಅದಕ್ಯಾಕೆ ತಪ್ಪು ಅಂತ ಹಾಕ್ತೀಯಪ್ಪ?" ಎಂದು ನೀನು ಸೊನ್ನೆ ಹಾಕತೊಡಗಿದೆ. ಸೊನ್ನೆಯೊಳಗೆ ಎರಡು ಕಣ್ಣು, ಒಂದು ಬಾಯಿ. ಹತ್ತೊಂಬತ್ತಾದರೂ ಆ ಚಾಳಿ ಬಿಡಲಿಲ್ಲ. ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ವಿಂಗಡಿಸುವಾಗ ಅವೆಲ್ಲ ನನ್ನನ್ನೇ ನೋಡುತ್ತಿದ್ದವು. ನನ್ನವನ್ನು ಒಲೆಗೆ ಹಾಕಿದೆ. ನಿನ್ನವು ಒಂದು ಡಬ್ಬದ ತುಂಬ ಹಾಗೇ ಇವೆ.

ಕಚೇರಿಯವರು ಪತ್ರ ವಿಂಗಡಿಸುವ ಹಳೆಯ ಗೂಡುಪೆಟ್ಟಿಗೆಯನ್ನು ಎಸೆಯುವುದರಲ್ಲಿದ್ದರು, ಕೇಳಿ ಹೊತ್ತು ತಂದು ಗೋಡೆಗೆ ಬಿಗಿದಿದ್ದೇನೆ. ನಲವತ್ತೆಂಟು ಗೂಡು. ಹಳೆಯ ಚೀಟಿಗಳನ್ನು ಕೀಳಲು ಮನಸ್ಸು ಬರಲಿಲ್ಲ. ಹಾಗಾಗಿ ಒಂದಿಂಚಿನ ಮೊಳೆಗಳೆಲ್ಲ ಈಗ ಆಸ್ಪತ್ರೆ ರಸ್ತೆಯಲ್ಲಿವೆ, ಎರಡಿಂಚಿನವು ಶಾಲೆಯ ಹಿಂದಿನ ಬೀದಿಯಲ್ಲಿ, ತಿರುಪುಗಳು ನ್ಯಾಯಾಧೀಶರ ಬಂಗಲೆಯಲ್ಲಿ. ಹಲಗೆಗಳನ್ನು ಗೋಡೆಗೆ ನೆಟ್ಟ ಕಂಬಿಗಳ ಮೇಲೆ ಅಡ್ಡ ಮಲಗಿಸಿದ್ದೇನೆ. ಗರಗಸ, ಹತ್ತರಿ, ಸುತ್ತಿಗೆ ಒಂದೊಂದಕ್ಕೂ ಅದರ ಆಕಾರದ ಗೆರೆ ಎಳೆದು ಜಾಗ ಮಾಡಿದ್ದೇನೆ. ಯಾವುದು ವಾಪಸು ಬಂದಿಲ್ಲವೆಂದು ಬಾಗಿಲಲ್ಲಿ ನಿಂತರೇ ಗೊತ್ತಾಗುತ್ತದೆ. ನೆಲದ ಮೇಲೆ ಏನೂ ಇಲ್ಲ. ಬೆರಳಷ್ಟು ತುಂಡು ಬಿದ್ದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲು ಅದನ್ನು ಎತ್ತುತ್ತೇನೆ. ಮಂಡಿ ಬೈಯುತ್ತದೆ, ಬೈಯಲಿ. ಮರ ಕೊಯ್ಯುವ ಆ ಮಿಷನ್ನು ಇಲ್ಲ, ನಿನ್ನ ಕೈಯ ಕಟ್ಟು ಬಿಚ್ಚುವ ಮೊದಲೇ ಗುಜರಿಯವನಿಗೆ ಎತ್ತಿಕೊಟ್ಟೆನಲ್ಲ. ಈಗ ಏನಿದ್ದರೂ ಕೈಗರಗಸ.

ಇನ್ನು ಕೆಲಸದ ಮೇಜು. ಅತ್ತೆ ಒಂದು ದಿನ ಬಾಯಿತಪ್ಪಿ ಹೇಳಿದಳು, ನೀನು ಪೇಟೆಯಲ್ಲಿ ಹತ್ಯಾರದ ಅಂಗಡಿಯ ಮುಂದೆ ಕಾಲು ಗಂಟೆ ನಿಂತಿದ್ದೆಯಂತೆ, ಒಳಗೆ ಹೋಗಲಿಲ್ಲವಂತೆ. ಆವತ್ತೇ ಅಳತೆ ಹಾಕಿದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೋ ಮೇಜು ಅಷ್ಟೆತ್ತರ ಇರಬೇಕು. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ನಿನ್ನ ಎತ್ತರದ ಗೆರೆಗಳಿವೆಯಲ್ಲ, ಕೊನೆಯ ಗೆರೆ ಹಿಡಿದು ಅಂದಾಜು ಮಾಡಿದೆ. ನೀನು ನನಗಿಂತ ಉದ್ದ, ಹಾಗಾಗಿ ನಾನು ಅದರ ಮುಂದೆ ಮಣೆ ಹಾಕಿಕೊಂಡು ನಿಲ್ಲುತ್ತೇನೆ. ಮರವನ್ನು ಕಚ್ಚಿ ಹಿಡಿಯುವ ವೈಸನ್ನು ಎಲ್ಲರೂ ಮೇಜಿನ ಎಡತುದಿಗೆ ಹಾಕುತ್ತಾರೆ, ನಾನು ಬಲತುದಿಗೆ ಹಾಕಿದೆ. ದರ್ಜಿ ನೋಡಿ, "ವಯಸ್ಸಾಯ್ತು ನಿಮಗೆ, ಎಡ ಯಾವ್ದು ಬಲ ಯಾವ್ದು ಮರ್ತಿದೀರಿ" ಎಂದು ತಲೆ ಚಚ್ಚಿಕೊಂಡ. ಎಡಗೈಯಲ್ಲಿ ಕೆಲಸ ಮಾಡುವವರಿಗೆ ಅದು ಅಲ್ಲೇ ಇರಬೇಕೆಂದು ಹೇಳಲು ಹೋಗಲಿಲ್ಲ. ನನಗೂ ಮೊದಲು ಎಲ್ಲಿ ಗೊತ್ತಿತ್ತು? ಬಲಗೈಯ ಮೂರು ಬೆರಳನ್ನು, ನಿನಗೆ ಯಾವ ಮೂರು ಇಲ್ಲವೋ ಅವೇ ಮೂರನ್ನು, ಅಂಗೈಗೆ ಮಡಚಿ ಬಟ್ಟೆ ಸುತ್ತಿ, ಒಂದೂವರೆ ತಿಂಗಳು ಎಡಗೈಯಲ್ಲಿ ಕೆಲಸ ಮಾಡಿದೆ. ಡ್ರಾಯರಿನ ಹಿಡಿ ಎಲ್ಲಿರಬೇಕು, ಉಳಿ ಯಾವ ಕಡೆಯಿಂದ ಕೈಗೆ ಸಿಗಬೇಕು, ಎಲ್ಲ ಹಾಗೆಯೇ ಗೊತ್ತಾದದ್ದು. ಮೊದಲ ದಿನ ಒಂದು ಹಲಗೆಯನ್ನು ನೆಟ್ಟಗೆ ಕೊಯ್ಯಲಾಗದೆ ಕೂತು ಅತ್ತುಬಿಟ್ಟೆ. ಕೊಯ್ಯಲಾಗಲಿಲ್ಲವೆಂದು ಅತ್ತದ್ದಲ್ಲ ಮಗಳೇ. ಸಂಜೆಯಾದರೆ ನಾನು ಕೈಗೆ ಸುತ್ತಿದ ಬಟ್ಟೆ ಬಿಚ್ಚಿಬಿಡಬಹುದಲ್ಲ ಎಂದು.

ಇಷ್ಟೆಲ್ಲ ಮಾಡಿ, ನಿಮ್ಮಪ್ಪ ಎಂದ ಮೇಲೆ ಎಡವಟ್ಟಾಗದೆ ಇರುತ್ತದೆಯೇ? ಮೇಜನ್ನು ಲಾರಿಯಲ್ಲಿ ನಿನಗೆ ಕಳಿಸಿಬಿಡೋಣ, ಮುಖ ನೋಡುವ ಫಜೀತಿ ಇಬ್ಬರಿಗೂ ಬೇಡ ಎಂದುಕೊಂಡಿದ್ದೆ. ಷೆಡ್ಡಿನ ಒಳಗೇ ಕೂಡಿಸಿ, ಅಂಟು ಹಾಕಿ ಬಿಗಿದ ಮೇಲೆ ನೋಡಿದರೆ, ಹೇಗೆ ತಿರುಗಿಸಿದರೂ ಅದು ಬಾಗಿಲು ದಾಟುವುದಿಲ್ಲ. ಗೇಣು ಅಗಲ ಹೆಚ್ಚಾಗಿದೆ. ಇಡೀ ಮೇಜನ್ನು ಸುತ್ತು ಹಾಕಿ ಅಳೆದವನು ಬಾಗಿಲನ್ನು ಅಳೆದಿರಲಿಲ್ಲ.

ಆ ದಿನದ ಮಾತಿಗೆ ಬರುತ್ತೇನೆ. ಮಿಷನ್ನಿಗೆ ಹಲಗೆ ನೂಕುತ್ತ ನೀನು ಒಂದು ಹೆಜ್ಜೆ ಮುಂದಿಟ್ಟಾಗ ನೆಲದ ಮೇಲಿದ್ದ ತುಂಡು ಮರ ಎಡವಿತು, ಕೈ ಮುಂದೆ ಹೋಯಿತು. ನಾನು ಓಡಿಬಂದೆ. ನಿನ್ನ ಕೈ ಹಿಡಿಯುವ ಮೊದಲೇ ನನ್ನ ಬಾಯಿಂದ ಬಂದದ್ದು, "ನೋಡ್ಕೊಂಡು ನಡಿಯೋಕಾಗಲ್ವಾ ನಿಂಗೆ?" ಎಂಬ ಮಾತು. ಆಸ್ಪತ್ರೆಯಲ್ಲಿ ನಿಮ್ಮಮ್ಮ, ಆ ತುಂಡನ್ನು ಅಲ್ಲಿ ಬಿಟ್ಟವರು ಯಾರು ಎಂದು ಕೇಳಿದಳು. ಹಿಂದಿನ ದಿನ ನೀನೂ ಮರ ಕೊಯ್ದಿದ್ದೆ. "ನಾನೇ ಇರ್ಬೇಕಮ್ಮ" ಎಂದೆ ನೀನು. ಅವಳು ನಿನ್ನ ಮೇಲೆ ರೇಗಿದಳು, ಅತ್ತಳು, ಆಮೇಲೂ ವರ್ಷಗಟ್ಟಲೆ ಅದನ್ನೇ ಆಡಿಕೊಂಡು ಕೊರಗಿದಳು. ಅವಳು ಹೋದ ದಿನ ನೀನು ಬಂದವಳು ಷೆಡ್ಡಿನ ಕಡೆ ತಿರುಗಿ ಸಹ ನೋಡಲಿಲ್ಲ. ಅಡುಗೆಮನೆಯಲ್ಲಿ ನಿಂತು, "ಅವತ್ತು ನಾನು ಆ ತುಂಡು ಎತ್ತಿಟ್ಟಿದ್ರೆ ಅಮ್ಮ ಇಷ್ಟು ಕೊರಗ್ತಿರ್ಲಿಲ್ಲ ಅಪ್ಪ" ಎಂದೆ. ನಾನು ಲೋಟದಲ್ಲಿ ಸಕ್ಕರೆ ಕದಡುತ್ತ ನಿಂತಿದ್ದೆ. ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು. ನೀನು ಸಂಜೆಯ ಬಸ್ಸಿಗೆ ಹೊರಟುಹೋದೆ. ಅವತ್ತು ರಕ್ತ ಸುರಿಯುವ ಮಗುವನ್ನು ಬೈದೆನಲ್ಲ, ಆ ಮಾತಿಗೆ ನಿನ್ನ ಕ್ಷಮೆ ಕೇಳುತ್ತೇನೆ. ಏಳು ವರ್ಷ ತಡವಾಯಿತು.

ಅತ್ತೆಯನ್ನು ಕೇಳಿದೆನೆಂದು ಹೇಳು, ಅವಳ ಹತ್ತಿರ ಜಗಳ ಕಾಯಬೇಡ. ರಾತ್ರಿ ಸ್ವೆಟರ್ ಹಾಕಿಕೊಂಡು ಮಲಗು. ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ, ಹಿಡಿದ ಕೆಲಸ ಕೈಗೂಡಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ನೋಡು, ಮತ್ತೆ ಬಿಟ್ಟೆ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಎತ್ತುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಜೊತೆಗಿರುವ ಪೊಟ್ಟಣದಲ್ಲಿ ಒಂದು ತುಂಡು ಮರ ಇದೆ. ಅವತ್ತು ನೀನು ಎಡವಿದ್ದು ಅದನ್ನೇ. ನೀನು ಆಸ್ಪತ್ರೆಯಲ್ಲಿದ್ದಾಗ ಷೆಡ್ಡು ತೊಳೆಯುವಾಗ ಸಿಕ್ಕಿತು, ಇಷ್ಟು ವರ್ಷ ಬಚ್ಚಿಟ್ಟಿದ್ದೆ. ತಿರುಗಿಸಿ ನೋಡು, ಅದರ ಮೇಲೆ ಸೊನ್ನೆ ಇಲ್ಲ, ಗುಣಾಕಾರದ ಗುರುತಿದೆ. ಅವತ್ತು ಬೆಳಿಗ್ಗೆ ನಾನು ಸ್ಟೂಲಿನ ಕಾಲು ಕೊಯ್ಯುವಾಗ ಬಿದ್ದದ್ದು. ಬಿದ್ದದ್ದನ್ನು ನೋಡಿದೆ, ಕಾಫಿ ಕುಡಿದು ಬಂದು ಎತ್ತಿದರಾಯಿತೆಂದು ದಾಟಿಕೊಂಡು ಹೋದೆ. ಆಸ್ಪತ್ರೆಯಲ್ಲಿ ನೀನು "ನಾನೇ ಇರ್ಬೇಕು" ಎಂದಾಗ ನನಗೆ ಗೊತ್ತಿತ್ತು, ಸುಮ್ಮನಿದ್ದೆ. ನಿನ್ನ ತಪ್ಪು ಏನೂ ಇರಲಿಲ್ಲ. ಬಾ ಎನ್ನಲು ನನಗೆ ಮುಖವಿಲ್ಲ. ಮೇಜು ಇಲ್ಲೇ ಇರುತ್ತದೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ, ಇದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳು. ನಿಮ್ಮಮ್ಮನಿಗೆ ಹೇಳಲು ಐದು ವರ್ಷ ಇತ್ತು ನನಗೆ, ಹೇಳಲಿಲ್ಲ.