ಏಳನೆಯ ಪ್ರಶ್ನೆಗೆ ಅಕ್ಕನ ಉತ್ತರ

ಮಾರ್ಚ್ ೩, ಸೋಮವಾರ

ಇವತ್ತು ಹನ್ನೊಂದು ಲಕೋಟೆ ಬಂದವು. ಒಟ್ಟು ನೂರ ನಾಲ್ಕು. ಅಕಾರಾದಿಯಾಗಿ ಜೋಡಿಸಿ ಬೀರುವಿಗೆ ಬೀಗ ಹಾಕಿದೆ. ನಮ್ಮ ಸಭೆಯ ಪದ್ಧತಿ ಇದು — ಪ್ರತಿಯೊಬ್ಬರೂ ತಮ್ಮ ಸಾವಿನ ಫಾರಂ ತುಂಬಿ, ಲಕೋಟೆ ಅಂಟಿಸಿ ಚರ್ಚ್ ಆಫೀಸಿಗೆ ಕೊಡಬೇಕು. ಯಾವ ಹಾಡು, ಬೈಬಲಿನ ಯಾವ ವಚನ, ಪೆಟ್ಟಿಗೆ ಹೊರುವವರು ಯಾರು. ಸತ್ತ ಮೇಲೆ ತೆರೆದು ಟೈಪ್ ಮಾಡುವವಳು ನಾನು. ಅಲ್ಲಿಯವರೆಗೆ ಪಾಸ್ಟರ್ ಕೂಡ ಮುಟ್ಟುವ ಹಾಗಿಲ್ಲ.

ಏಳನೆಯ ಪ್ರಶ್ನೆ ಪಾಸ್ಟರೇ ಸೇರಿಸಿದ್ದು: ಯಾರೊಂದಿಗಾದರೂ ಸಮಾಧಾನ ಮಾಡಿಕೊಳ್ಳುವುದು ಬಾಕಿ ಇದೆಯೇ? ಪ್ರತಿ ವರ್ಷ ಹೊಸ ಫಾರಂ ತುಂಬುತ್ತೇನೆ. ಪ್ರತಿ ವರ್ಷ ‘ಇಲ್ಲ’.

ಅಕ್ಕ ಇನ್ನೂ ಕೊಟ್ಟಿಲ್ಲ. ಊರಿಗೆಲ್ಲ ಕಾರು ಓಡಿಸಲು ಕಲಿಸುವವಳಿಗೆ ಎರಡು ಪುಟ ಬರೆಯಲು ಪುರಸೊತ್ತಿಲ್ಲ. ನನಗೇನು. ನಮ್ಮಿಬ್ಬರಿಗೆ ಮಾತು ನಿಂತು ಎರಡು ವರ್ಷ.

ಮಾರ್ಚ್ ೬, ಗುರುವಾರ

ಊಟಕ್ಕೆ ಹೋಗಿದ್ದಾಗ ಅಕ್ಕ ಬಂದಿದ್ದಳಂತೆ. ಇಪ್ಪತ್ತು ನಿಮಿಷ ಕೂತಿದ್ದಳೆಂದು ಕಾವಲುಗಾರ ಹೇಳಿದ. ಕೂರಲಿ. ಮೇಜಿನ ಮೇಲೆ ಲಕೋಟೆ — ಸೊಟ್ಟಗೆ ಅಂಟಿಸಿದ್ದು, ಮೇಲೆ ಗ್ರೀಸಿನ ಬೆರಳಚ್ಚು. ಬೀರುವಿಗೆ ಹಾಕಿದೆ.

ಅಮ್ಮ ಹೋದ ದಿನ ಎಲ್ಲರೆದುರು ಅವಳು ಅಂದದ್ದು ಇನ್ನೂ ಕಿವಿಯಲ್ಲಿದೆ. “ಅಮ್ಮನ್ನ ನೀನೊಬ್ಬಳೇ ಇಟ್ಕೊಂಡೆ. ನನ್ನ ಕರೆಯೋಕೆ ನಿಂಗೆ ಮನಸ್ಸು ಬರ್ಲಿಲ್ಲ.” ಕ್ಲಾಸು ಮುಗಿಸಿ ಬರಲಿ ಎಂದುಕೊಂಡಿದ್ದೆ. ಅಮ್ಮ ಕಾಯಲಿಲ್ಲ. ಅದು ನನ್ನ ತಪ್ಪೇ? ಕ್ಷಮೆ ಕೇಳಬೇಕಾದವಳು ಅವಳು. ಎಲುಬಿಲ್ಲದ ನಾಲಿಗೆ.

ಮಾರ್ಚ್ ೯, ಭಾನುವಾರ

ಪಾಸ್ಟರ ಪ್ರಸಂಗ: ಮದುಮಗ ಯಾವಾಗ ಬಂದರೂ ಸಿದ್ಧರಿರಲೆಂದು ದೀಪಕ್ಕೆ ಎಣ್ಣೆ ತಂದಿದ್ದ ಐದು ಮಂದಿ ಕನ್ಯೆಯರು. ನನ್ನನ್ನೇ ನೋಡಿ ಹೇಳಿದ ಹಾಗಿತ್ತು. ಕೊನೆಯ ಹಾಡಿಗೆ ಅಕ್ಕ ಎದ್ದು ಹೋಗಿ ಮುಂಬಾಗಿಲಲ್ಲಿ ಕೈಕಟ್ಟಿ ನಿಂತಳು. ಜಗಳಕ್ಕೇ ಇರಬೇಕು. ಹಾಡಿನ ಪುಸ್ತಕಗಳ ಕೋಣೆ ಹೊಕ್ಕು ಹಿಂಬಾಗಿಲಿಂದ ಜಾರಿಕೊಂಡೆ. ಚಿಕ್ಕಂದಿನಲ್ಲೂ ನನ್ನನ್ನು ಹಿಡಿಯಲು ಅವಳ ಕೈಲಿ ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ನಗು.

ಮಾರ್ಚ್ ೧೧, ಮಂಗಳವಾರ

ಅಕ್ಕ ಹೋದಳು.

ಬರೆದು ನೋಡಿದೆ. ನಂಬಲಾಗುತ್ತಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ, ಸಿಗ್ನಲ್‌ನಲ್ಲಿ. ಸ್ಟೇರಿಂಗ್ ಹಿಡಿದದ್ದು ಕಲಿಯುವವಳು, ಒಬ್ಬ ನರ್ಸು. ಹಸಿರು ಬಂತು. ಅಕ್ಕ ‘ಹೋಗು’ ಅನ್ನಲಿಲ್ಲ. ಹಿಂದೆ ಎಲ್ಲ ಹಾರ್ನ್. ಅಕ್ಕ ಹೇಳಿಕೊಟ್ಟ ಹಾಗೆಯೇ ಆಕೆ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದಳಂತೆ…

ಹೃದಯಾಘಾತ ಅಂದರು. ಐವತ್ತೆರಡು ವರ್ಷ. ಒಂದು ನೆಗಡಿಗೂ ಮಲಗಿದವಳಲ್ಲ. ಭಾವ ಫೋನಿನಲ್ಲಿ ಮೂರು ಸಲ ಹೇಳಿದರು. ಮೂರು ಸಲವೂ “ಯಾರು?” ಅಂದೆ. ಕರ್ತನೇ, ಸಿದ್ಧಳಾಗಿದ್ದವಳು ನಾನಲ್ಲವೇ?

ಮಾರ್ಚ್ ೧೨, ಬುಧವಾರ

ಅಕ್ಕನ ಲಕೋಟೆ ಬೇರೆ ಯಾರಾದರೂ ತೆರೆಯಲಿ ಎಂದರು ಪಾಸ್ಟರ್. ನನ್ನ ಕೆಲಸ ಎಂದೆ. ಹಟ. ಬೆಳಿಗ್ಗೆ ಎಂಟಕ್ಕೇ ತೆರೆದೆ.

ಹಾಡು: ‘ಯಾವುದಾದ್ರೂ ಸರಿ. ಎಳೆದು ಹಾಡಬೇಡಿ.’ ಪೆಟ್ಟಿಗೆ ಹೊರುವವರು: ‘ಲೈಸೆನ್ಸ್ ಸಿಕ್ಕ ಶಿಷ್ಯರು ಮಾತ್ರ. ಮಿಕ್ಕವರು ಎಲ್ಲಾದ್ರೂ ಗುದ್ದಿಸ್ತಾರೆ.’ ನಕ್ಕುಬಿಟ್ಟೆ. ಆಫೀಸಿನಲ್ಲಿ ಒಬ್ಬಳೇ, ಜೋರಾಗಿ.

ಏಳನೆಯದು.

‘ಇದೆ. ತಂಗಿ. ಎಲ್ಲರ ಮುಂದೆ ಅಂದಿದ್ದು ನಾನು, ಎಲ್ಲರ ಮುಂದೇನೇ ತಪ್ಪಾಯ್ತು ಅನ್ನಬೇಕು. ಆಫೀಸಲ್ಲಿ ಕಾದೆ, ಸಿಗಲಿಲ್ಲ. ಭಾನುವಾರ ಮುಂಬಾಗಿಲಲ್ಲಿ ಹಿಡೀತೀನಿ. ಹಿಂದಿನಿಂದ ಓಡಿದ್ರೆ ಅದರ ಮುಂದಿನ ಭಾನುವಾರ.’

ಮತ್ತೆ ಓದಿದೆ. ಅಕ್ಷರ ಅವಳದೇ. ಹತ್ತು ಗಂಟೆಗೆ ಪಾಸ್ಟರ್ ಬಂದಾಗ ಒಂದು ಸಾಲೂ ಟೈಪ್ ಆಗಿರಲಿಲ್ಲ.

ಮಾರ್ಚ್ ೧೬, ಭಾನುವಾರ

ಅವಳು ಹೇಳಿದ್ದ ಭಾನುವಾರ.

ಆರಾಧನೆ ಮುಗಿದ ಮೇಲೆ ಮುಂಬಾಗಿಲಲ್ಲಿ ನಿಂತೆ. ಜನ ಕೈ ಹಿಡಿದು ಸಮಾಧಾನ ಹೇಳಿ ಹೋದರು. ಎಲ್ಲರೂ ಹೋದರು. ಕಾವಲುಗಾರ ಬೀಗ ಹಿಡಿದು ಕಾಯುತ್ತಿದ್ದ. “ಯಾರಾದ್ರೂ ಬರೋದಿದ್ಯಾ, ಅಮ್ಮ?” ಅಂದ.

ಆಫೀಸಿಗೆ ಹೋಗಿ ನನ್ನ ಲಕೋಟೆ ಹರಿದೆ. ಬದುಕಿರುವವರದು ತೆರೆಯಬಾರದು — ನಿಯಮ ನನ್ನದೇ. ‘ಇಲ್ಲ’ ಎಂಬುದು ಎಷ್ಟು ದುಂಡಗೆ ಬರೆದಿದ್ದೇನೆ. ಹೊಡೆದುಹಾಕಿದೆ.

ಯಾರಿಗೂ ಹೇಳದ್ದನ್ನು ಇಲ್ಲಿಯಾದರೂ ಬರೆಯುತ್ತೇನೆ. ಕೊನೆಯ ದಿನ ಅಮ್ಮ ಎರಡು ಸಲ ಕೇಳಿದರು, “ದೊಡ್ಡವಳು ಬಂದ್ಲಾ?” ಬರ್ತಾಳೆ ಅಂದೆ. ಫೋನ್ ನನ್ನ ಕೈಯಲ್ಲೇ ಇತ್ತು. ಕೊನೆಗಾದರೂ ಅಮ್ಮ ನನ್ನೊಬ್ಬಳಿಗೇ ಇರಲಿ ಅನ್ನಿಸಿತ್ತು. ಅಕ್ಕ ಅಂದದ್ದು ನಿಜ. ತಪ್ಪು ನನ್ನದು.

ಏಳನೆಯ ಪ್ರಶ್ನೆ: ಇದೆ. ಅಕ್ಕ. ಅವಳನ್ನು ಇನ್ನು ಯಾವ ಬಾಗಿಲಲ್ಲಿ ಹಿಡಿಯಲಿ?